ಹೆಮ್ಮಿಗೆಗೊಂದು ದೋಣಿ

ಹೆಮ್ಮಿಗೆಯ ಅಗ್ನಿಶಾಮಕ ಉಪಠಾಣೆಯ ಮುಖ್ಯಸ್ಥನಾದ ರಾಜೇಂದ್ರನನ್ನು ಆ ಸುತ್ತಿನಲ್ಲಿ ಅರಿಯದವರು ಕಡಿಮೆ. ಹುಲ್ಲಿನ ಮೆದೆಗೆ ಬೆಂಕಿ ಬಿದ್ದರೆ, ಹಸು ಬಾವಿಗೆ ಜಾರಿದರೆ, ಕಬ್ಬಿನ ಗದ್ದೆ ಹೊತ್ತಿಕೊಂಡರೆ, ಹೊಳೆಯಲ್ಲಿ ಯಾರಾದರೂ ಕಾಣದಂತಾದರೆ ಜನರ ಬಾಯಿಗೆ ಮೊದಲು ಬರುತ್ತಿದ್ದುದು ಅವನ ಹೆಸರೇ. ನಲವತ್ತಾರು ವರ್ಷದ ಗಟ್ಟಿ ಆಳು, ಮಾತು ಕಡಿಮೆ, ಬೂಟಿನ ದಾರ ಕಟ್ಟುವುದರಲ್ಲಿಯೂ ಶಿಸ್ತು. ಇಪ್ಪತ್ತೆರಡು ವರ್ಷಗಳ ಸೇವೆಯಲ್ಲಿ, ಕರೆ ಬಂದ ಒಂದು ನಿಮಿಷದೊಳಗೆ ಅವನ ಗಾಡಿ ಗೇಟು ದಾಟದೆ ಉಳಿದದ್ದು ಎರಡೇ ಸಲ. ಆ ಎರಡು ಸಲವೂ ಬ್ಯಾಟರಿ ಕೈಕೊಟ್ಟಿತ್ತು. ಇಂಥ ಮನುಷ್ಯನಿಗೆ ಒಂದೇ ಒಂದು ದೌರ್ಬಲ್ಯವಿತ್ತು. ಅದರ ಹೆಸರು ಅಮೃತೇಶ್.

ಅಮೃತೇಶ್ ನಂಜನಗೂಡು ತಾಲ್ಲೂಕಿನ ಹೆಮ್ಮರಗಾಲದ ಉಪಠಾಣೆಯ ಮುಖ್ಯಸ್ಥ. ಇಬ್ಬರೂ ಒಂದೇ ವರ್ಷ ಕೆಲಸಕ್ಕೆ ಸೇರಿದವರು; ತರಬೇತಿಯ ದಿನಗಳಲ್ಲಿ ಒಂದೇ ಕೋಣೆಯಲ್ಲಿ ಅಕ್ಕಪಕ್ಕದ ಮಂಚಗಳಲ್ಲಿ ಮಲಗಿದವರು. ಏಣಿ ಹತ್ತುವುದರಲ್ಲಿ, ನೀರಿನ ಪೈಪು ಎಳೆದುಕೊಂಡು ಓಡುವುದರಲ್ಲಿ, ಮನುಷ್ಯನನ್ನು ಹೆಗಲ ಮೇಲೆ ಹೊತ್ತು ಇಳಿಯುವುದರಲ್ಲಿ ರಾಜೇಂದ್ರನೇ ಮೊದಲಿಗ. ಅಮೃತೇಶ್ ಯಾವುದರಲ್ಲಿಯೂ ಮೊದಲಲ್ಲ, ಯಾವುದರಲ್ಲಿಯೂ ಕಡೆಯಲ್ಲ. ಆದರೆ ತರಬೇತಿ ಮುಗಿದ ದಿನ ಬಂದ ದೊಡ್ಡ ಅಧಿಕಾರಿಗಳು ಹೆಸರು ಹಿಡಿದು ಮಾತನಾಡಿಸಿದ್ದು ಅಮೃತೇಶನನ್ನು. ಅವರಿಗೆ ಅವನ ಹೆಸರು ಹೇಗೆ ತಿಳಿಯಿತೆಂಬುದು ರಾಜೇಂದ್ರನಿಗೆ ಇವತ್ತಿಗೂ ಬಗೆಹರಿದಿಲ್ಲ.

ಅಂದು ಅಂಟಿಕೊಂಡ ಕರುಬು ಆಮೇಲೆ ಬಿಡಲಿಲ್ಲ. ಹೆಮ್ಮರಗಾಲದ ಠಾಣೆಗೆ ದಟ್ಟ ಹೊಗೆಯೊಳಗೂ ಉಸಿರಾಡಲು ನೆರವಾಗುವ ಸಿಲಿಂಡರುಗಳು ಬಂದವು. ನಂಜನಗೂಡಿನ ಕೈಗಾರಿಕಾ ಪ್ರದೇಶದ ಯಾವುದೋ ಕಾರ್ಖಾನೆ ಕೊಟ್ಟಿತಂತೆ. ಎತ್ತರದ ಕಂಬದ ದೀಪ ಬಂತು; ಯಾವುದೋ ಬ್ಯಾಂಕು ಕೊಟ್ಟಿತಂತೆ. ನಜ್ಜುಗುಜ್ಜಾದ ಕಾರಿನ ಬಾಗಿಲು ಕತ್ತರಿಸುವ ಯಂತ್ರ ಬಂತು. ಅದನ್ನು ಬಳಸುವ ಬಗೆ ಕಲಿಯಲೆಂದು ಅಮೃತೇಶ್ ಹೊರರಾಜ್ಯಕ್ಕೆ ಹೋಗಿ ಹದಿನೈದು ದಿನ ಇದ್ದು ಬಂದ. ಅದೇ ಅವಧಿಯಲ್ಲಿ ಹೆಮ್ಮಿಗೆಗೆ ಬಂದದ್ದು ಆರು ಕೆಂಪು ಬಕೆಟ್ಟು, ಮತ್ತು ಅವುಗಳಲ್ಲಿ ಮರಳು ತುಂಬಿಡತಕ್ಕದ್ದೆಂಬ ಒಂದು ಸುತ್ತೋಲೆ.

ಇಷ್ಟನ್ನೂ ಬೇರೆಯವರ ಬಾಯಿಂದ ಕೇಳಿದ್ದರೆ ಹೇಗೋ ಸಹಿಸಬಹುದಾಗಿತ್ತು. ಅಮೃತೇಶನೇ ಫೋನು ಮಾಡಿ ಹೇಳುತ್ತಿದ್ದ. ಅವನಲ್ಲಿ ಕಪಟವಿರಲಿಲ್ಲ, ಜಂಬವೂ ಇರಲಿಲ್ಲ. ಹೊಸ ಬಟ್ಟೆ ತೊಟ್ಟ ಮಗು ಮನೆಮನೆಗೆ ಹೋಗಿ ತೋರಿಸಿಬರುವಂತೆ ತೋರಿಸುತ್ತಿದ್ದ. ಜಂಬವಾದರೂ ಇದ್ದಿದ್ದರೆ ಬೈಯುವುದಕ್ಕೆ ಒಂದು ಕಾರಣ ಸಿಕ್ಕುತ್ತಿತ್ತಲ್ಲ ಎಂದು ರಾಜೇಂದ್ರ ಕೊರಗುತ್ತಿದ್ದ. ಅವನ ಹೆಂಡತಿ ಸುನೀತಾ ಅಂಗನವಾಡಿಯಲ್ಲಿ ಕೆಲಸ ಮಾಡುವಾಕೆ. ಗಂಡನ ಮುಖ ನೋಡಿಯೇ ಯಾರ ಫೋನು ಬಂದಿತ್ತೆಂದು ಹೇಳಿಬಿಡುತ್ತಿದ್ದಳು.

“ಅಮೃತೇಶಣ್ಣ ಫೋನ್ ಮಾಡಿದ ದಿನ ನಿಮ್ಗೆ ನನ್ ಸಾರಲ್ಲಿ ಉಪ್ಪು ಜಾಸ್ತಿ ಆಗಿರ್ತದೆ ಕಣ್ರೀ” ಎಂದು ಒಮ್ಮೆ ಹೇಳಿದಳು.

ರಾಜೇಂದ್ರ ತಟ್ಟೆಯನ್ನು ಪಕ್ಕಕ್ಕೆ ಸರಿಸಿದ. ಸಾರಿಗೆ ಉಪ್ಪು ನಿಜವಾಗಿಯೂ ಹೆಚ್ಚಾಗಿದೆಯೆಂದೇ ಅವನಿಗೆ ಅನ್ನಿಸಿತ್ತು.

ಹೀಗಿರಲಾಗಿ ಒಂದು ಜನವರಿಯಲ್ಲಿ ಜಿಲ್ಲಾ ಕಚೇರಿಯಿಂದ ಪತ್ರ ಬಂತು. ನಂಜನಗೂಡಿನ ಒಂದು ಕಾರ್ಖಾನೆಯವರು ಸಾಮಾಜಿಕ ಹೊಣೆಗಾರಿಕೆಯ ನಿಧಿಯಿಂದ ಹಳ್ಳಿಗಾಡಿನ ಯಾವುದಾದರೂ ಒಂದು ಠಾಣೆಗೆ ಮೋಟಾರು ಜೋಡಿಸಿದ ರಬ್ಬರು ದೋಣಿಯನ್ನೂ ಹನ್ನೆರಡು ಜೀವರಕ್ಷಕ ಜಾಕೆಟ್ಟುಗಳನ್ನೂ ಕೊಡುವರೆಂದು, ಇಬ್ಬರು ಸಿಬ್ಬಂದಿಗೆ ಇಪ್ಪತ್ತು ದಿನಗಳ ಜಲರಕ್ಷಣಾ ತರಬೇತಿಯನ್ನು ಕೊಡಿಸುವರೆಂದು, ಬೇಕಾದ ಠಾಣೆಗಳು ನಿಗದಿತ ನಮೂನೆಯಲ್ಲಿ ಅರ್ಜಿ ಸಲ್ಲಿಸಬೇಕೆಂದು ಅದರಲ್ಲಿ ಬರೆದಿತ್ತು.

ರಾಜೇಂದ್ರ ಪತ್ರವನ್ನು ಎರಡು ಸಲ ಓದಿದ. ಠಾಣೆಯಿಂದ ನಡೆದುಹೋಗುವಷ್ಟು ದೂರದಲ್ಲಿ ಕಾವೇರಿ. ಬೇಸಗೆಯಲ್ಲಿ ಮರಳ ದಿಬ್ಬಗಳ ನಡುವೆ ಸಾಧುವಾಗಿ ಹರಿಯುವ ಹೊಳೆ, ಮೇಲಿನ ಅಣೆಕಟ್ಟುಗಳಿಂದ ನೀರು ಬಿಟ್ಟ ಮರುದಿನ ಗುರುತೇ ಸಿಗದಂತಾಗುತ್ತದೆ. ಠಾಣೆಗೆ ಸ್ವಂತದ ದೋಣಿಯಿಲ್ಲ. ಏನೇ ಆದರೂ ತೆಪ್ಪದ ಮಹದೇವಯ್ಯನಿಗೆ ಹೇಳಿಕಳುಹಿಸಬೇಕು. ಅರವತ್ತು ದಾಟಿದ ಮಹದೇವಯ್ಯ ಮೀನು ಹಿಡಿದು ಬದುಕುವವನು. ಹೊಳೆಯ ಪ್ರತಿಯೊಂದು ಮಡುವೂ ಅವನಿಗೆ ಗೊತ್ತು. ಆದರೆ ತುಂಬಿದ ಹೊಳೆಯ ಸೆಳೆತಕ್ಕೆ ಬಿದಿರಿನ ತೆಪ್ಪ ನಿಲ್ಲದು. ಹಿಂದಿನ ಶ್ರಾವಣದಲ್ಲಿ ಒಬ್ಬ ಮನುಷ್ಯ ನಡುಹೊಳೆಯಲ್ಲಿ ಸಿಕ್ಕಿಕೊಂಡಿದ್ದ ಮರದ ಕೊಂಬೆಯನ್ನು ಹಿಡಿದು ಮುಕ್ಕಾಲು ಗಂಟೆ ಕೂಗಿಕೊಂಡ. ಇವರು ಹಗ್ಗ ಎಸೆದರು, ಮುಟ್ಟಲಿಲ್ಲ. ಇನ್ನೊಂದು ಹಗ್ಗ ಗಂಟುಹಾಕಿ ಎಸೆದರು. ಸೆಳವು ಅದನ್ನು ಕೆಳಕ್ಕೆ ಒಯ್ದಿತು. ನೋಡುತ್ತಿದ್ದಂತೆಯೇ ಕೊಂಬೆ ಬರಿದಾಯಿತು. ಆ ದೋಣಿ ಹೆಮ್ಮಿಗೆಗೆ ಬರಲೇಬೇಕು ಎಂದು ರಾಜೇಂದ್ರ ಹಟ ಹಿಡಿದದ್ದು ಅದಕ್ಕಾಗಿ.

ಆ ಸಂಜೆಯೇ ಅಮೃತೇಶನ ಫೋನು ಬಂತು. ತಾನೂ ಅರ್ಜಿ ಹಾಕುತ್ತಿರುವುದಾಗಿ ಅವನು ಸಂಭ್ರಮದಿಂದ ತಿಳಿಸಿದ.

“ನಿಮ್ಮೂರಲ್ಲಿ ಒಳೆ ಎಲ್ಲದೆ?” ಎಂದು ಕೇಳಿದ ರಾಜೇಂದ್ರ.

“ಕೆರೆ ಅದಲ್ಲಾ. ಕಪಿಲೆ ಒಳೆ ಕಡೆಯಿಂದ್ಲೂ ನಮ್ಗೆ ಕರೆ ಬತ್ತವೆ ಕಣ್ಲಾ.”

“ಆ ಕೆರೆಗೆ ದೋಣಿ ಬುಟ್ರೆ ಎಮ್ಮೆಗಳೆಲ್ಲಿಗೋಗ್ಬೇಕು?”

ಅಮೃತೇಶ್ ಹೊಟ್ಟೆ ತುಂಬ ನಕ್ಕ. ರಾಜೇಂದ್ರ ನಗಲಿಲ್ಲ. ಅವನು ಅದನ್ನು ತಮಾಷೆಗೆ ಹೇಳಿರಲಿಲ್ಲ.

ಮರುದಿನದಿಂದ ಅರ್ಜಿಯ ಕೆಲಸ ಮೊದಲಾಯಿತು. ರಾಜೇಂದ್ರನ ಅಕ್ಷರ ದುಂಡಾಗಿತ್ತು. ವಿಷಯವೂ ಕೈಯಲ್ಲೇ ಇತ್ತು. ಹೊಳೆಯ ಉದ್ದ, ಅಪಾಯದ ಮಡುಗಳು, ವರ್ಷಕ್ಕೆ ಬರುವ ಪ್ರವಾಸಿಗರು, ಆ ಕೊಂಬೆಯ ಮೇಲಿದ್ದ ಮನುಷ್ಯ, ಎಲ್ಲವನ್ನೂ ಬರೆದ. ಹನ್ನೊಂದನೆಯ ಕಾಲಮಿಗೆ ಬಂದಾಗ ಪೆನ್ನು ನಿಂತಿತು. ಕಳೆದ ಮೂರು ವರ್ಷಗಳಲ್ಲಿ ನಡೆಸಿದ ಜಲರಕ್ಷಣಾ ಕಾರ್ಯಗಳ ಕನಿಷ್ಠ ಆರು ಛಾಯಾಚಿತ್ರಗಳನ್ನು ಲಗತ್ತಿಸತಕ್ಕದ್ದು.

ಹೆಮ್ಮಿಗೆಯ ಠಾಣೆಯಲ್ಲಿ ಒಂದೂ ಫೋಟೋ ಇರಲಿಲ್ಲ. ಅದು ಮರೆವಲ್ಲ, ರಾಜೇಂದ್ರನೇ ಮಾಡಿದ ಕಟ್ಟಳೆ. ಒಂಬತ್ತು ವರ್ಷಗಳ ಹಿಂದೆ ಹೊಳೆಯಲ್ಲಿ ಮುಳುಗಿದ ಒಬ್ಬ ಹುಡುಗಿಯನ್ನು ಮೇಲೆತ್ತಿದಾಗ ದಡದಲ್ಲಿದ್ದವರು ಯಾರೋ ಫೋನಿನಲ್ಲಿ ಚಿತ್ರ ಹಿಡಿದು ಊರೂರಿಗೆ ಕಳುಹಿಸಿಬಿಟ್ಟಿದ್ದರು. ಹುಡುಗಿಯ ತಾಯಿ ಗುರುಸಿದ್ದಮ್ಮ ಹನ್ನೊಂದನೆಯ ದಿನ ಕಳೆದ ಮೇಲೆ ಠಾಣೆಗೆ ಬಂದು ಮೆಟ್ಟಿಲ ಮೇಲೆ ಕುಳಿತಳು.

“ನನ್ ಮಗಳ ಮಕ ಕಂಡೋರ್ ಫೋನಲ್ಲೆಲ್ಲಾ ಅದಂತಲ್ಲಾ ಸಾ” ಎಂದಳು. “ಬೆಂಕಿ ಆದ್ರೆ ನೀವು ಆರಿಸ್ತೀರಿ. ಇದ್ನ ಎಂಗೆ ಆರಿಸೋದು?”

ಅಂದಿನಿಂದ ಹೆಮ್ಮಿಗೆಯ ಸಿಬ್ಬಂದಿ ಹೊಳೆಗೆ ಹೊರಟರೆ ಹಗ್ಗದ ಜೊತೆಗೆ ಎರಡು ದಪ್ಪ ಜಮಖಾನವನ್ನೂ ಗಾಡಿಗೆ ಹಾಕಿಕೊಳ್ಳುತ್ತಿದ್ದರು. ಸತ್ತವರಾಗಲಿ ಬದುಕಿದವರಾಗಲಿ, ನೀರಿನಿಂದ ಮೇಲೆ ಬಂದ ಮನುಷ್ಯನ ಸುತ್ತ ನಾಲ್ವರು ಜಮಖಾನ ಹಿಡಿದು ನಿಲ್ಲಬೇಕು; ಯಾರ ಫೋನೂ ಜೇಬಿನಿಂದ ಹೊರಗೆ ಬರಬಾರದು. ಈ ಕಟ್ಟಳೆಯ ಬಗ್ಗೆ ರಾಜೇಂದ್ರನಿಗೆ ಒಳಗೊಳಗೇ ಹೆಮ್ಮೆಯಿತ್ತು. ಹನ್ನೊಂದನೆಯ ಕಾಲಮಿನ ಮುಂದೆ ಕುಳಿತಾಗ ಆ ಹೆಮ್ಮೆ ಉಪಯೋಗಕ್ಕೆ ಬರಲಿಲ್ಲ. ಅವನ ಕಣ್ಣ ಮುಂದೆ ಅಮೃತೇಶನ ಆಲ್ಬಮ್ಮು ಬಂದು ನಿಂತಿತು. ಬೆಂಕಿಯ ಮುಂದೆ ಅಮೃತೇಶ್, ಹಾವು ಹಿಡಿದವನ ಪಕ್ಕದಲ್ಲಿ ಅಮೃತೇಶ್, ಬಾವಿಯಿಂದ ಮೇಲೆ ಬಂದ ಕರುವಿನ ಕತ್ತು ತಬ್ಬಿದ ಅಮೃತೇಶ್. ಅವನಿಗೆ ಆರಲ್ಲ, ಅರವತ್ತು ಸಿಕ್ಕುತ್ತವೆ.

ಇದ್ದುದನ್ನು ಇದ್ದಂತೆ ಬರೆದು, ಫೋಟೋ ಇಲ್ಲದ ಕಾರಣವನ್ನು ಎರಡು ಸಾಲಿನಲ್ಲಿ ತಿಳಿಸಬಹುದಾಗಿತ್ತು. ಬೇರೆ ಯಾರ ಎದುರಿಗಾದರೂ ಅವನು ಹಾಗೆಯೇ ಮಾಡುತ್ತಿದ್ದನೇನೋ. ಎದುರಿಗಿದ್ದವನು ಅಮೃತೇಶನಾದ್ದರಿಂದ ಮಾಡಲಿಲ್ಲ. ಫೋಟೋಗಳನ್ನು ತೆಗೆಸಿಬಿಡುವುದೆಂದು ನಿಶ್ಚಯಿಸಿದ.

ಫೆಬ್ರವರಿಯ ಒಂದು ಬೆಳಗ್ಗೆ ರಾಜೇಂದ್ರ ನಾಲ್ವರನ್ನು ಕರೆದುಕೊಂಡು ಹೊಳೆಗೆ ಹೋದ. ಮುಳುಗುವವನ ಪಾತ್ರಕ್ಕೆ ಸಿಬ್ಬಂದಿಯಲ್ಲಿ ಚೆನ್ನಾಗಿ ಈಜುತ್ತಿದ್ದ ಕುಮಾರನನ್ನು ಆರಿಸಿದ್ದ. ಮಹದೇವಯ್ಯನಿಗೆ ವಿಷಯ ತಿಳಿಸಿ ತೆಪ್ಪ ಹತ್ತಲು ಹೇಳಿದಾಗ ಮುದುಕ ಹುಟ್ಟನ್ನು ಮರಳಿಗೆ ಊರಿ ನಿಂತುಬಿಟ್ಟ.

“ದಿಟದ್ದಾದ್ರೆ ಎಂಥಾ ಒತ್ನಲ್ಲಾದ್ರೂ ಕರೀರಿ, ಬತ್ತೀನಿ ಸಾ. ಸುಳ್ಳಿಗೆ ಸಾವ ಆಡ್ಸಕ್ಕೆ ನಾ ಬರಾಕಿಲ್ಲ. ಒಳೆ ನೋಡ್ತಾ ಅದೆ.”

“ಸಾವಲ್ಲ ಮಹದೇವಯ್ಯ, ಬದುಕ್ಸೋದು. ದೋಣಿ ಬಂದ್ರೆ ನಿಮ್ಗೂ ಬಾರ ಕಮ್ಮಿ ಆಯ್ತದೆ” ಎಂದು ರಾಜೇಂದ್ರ ಸಮಾಧಾನ ಹೇಳಿದ.

“ಬರ್ಲಿ ಸಾ, ಬ್ಯಾಡ ಅಂದೋರ್ಯಾರು? ತೆಪ್ಪ ತಕ್ಕೊಳಿ. ನನ್ನ ಬುಟ್ಬುಡಿ.”

ಹುಟ್ಟನ್ನು ಅವರ ಕೈಗಿತ್ತು ಮಹದೇವಯ್ಯ ಹೊಂಗೆಮರದ ಕೆಳಗೆ ಹೊಳೆಗೆ ಬೆನ್ನುಮಾಡಿ ಕುಳಿತ. ತೆಪ್ಪ ನಡೆಸುವುದು ಅದನ್ನು ಬಲ್ಲವರಿಗೇ ಸಾಧ್ಯ. ಅಗ್ನಿಶಾಮಕರಿಬ್ಬರು ಹುಟ್ಟು ಹಾಕಿದಷ್ಟೂ ಅದು ರಾಗಿಕಲ್ಲಿನಂತೆ ನಿಂತಲ್ಲೇ ತಿರುಗಿತು. ಸೊಂಟಮಟ್ಟದ ನೀರಿನಲ್ಲಿ ಮುಳುಗುತ್ತಿದ್ದ ಕುಮಾರನಿಗೆ ನಗು ತಡೆಯಲಾಗಲಿಲ್ಲ. ಪ್ರಾಣ ಹೋಗುತ್ತಿರುವವನು ಹಲ್ಲು ಕಿರಿಯಬಾರದೆಂದು ರಾಜೇಂದ್ರ ದಡದಿಂದ ಗದರಿದ. ಬಿಸಿಲೇರುವ ಹೊತ್ತಿಗೆ ಹೇಗೋ ಆರು ಚಿತ್ರಗಳು ಸಿಕ್ಕಿದವು. ರಾಜೇಂದ್ರ ಅವುಗಳ ಕೆಳಗೆ, ಆಗಸ್ಟ್ ತಿಂಗಳ ಪ್ರವಾಹದಲ್ಲಿ ಕೊಚ್ಚಿಹೋಗುತ್ತಿದ್ದ ಯುವಕನ ರಕ್ಷಣೆ, ಎಂದು ದುಂಡಗೆ ಬರೆದ.

ಐದು ಠಾಣೆಗಳು ಅರ್ಜಿ ಹಾಕಿದ್ದವು. ಮಾರ್ಚಿ ತಿಂಗಳಲ್ಲಿ ಎರಡು ಠಾಣೆಗಳನ್ನು ಮಾತ್ರ ಕಾರ್ಖಾನೆಗೆ ಕರೆಸಿದರು. ಹೆಮ್ಮಿಗೆ ಮತ್ತು ಹೆಮ್ಮರಗಾಲ. ತಣ್ಣನೆಯ ದೊಡ್ಡ ಕೋಣೆ. ಉದ್ದ ಮೇಜಿನ ಆಚೆ ಕಾರ್ಖಾನೆಯ ಹಿರಿಯ ಮ್ಯಾನೇಜರು, ನಿಧಿಯ ವ್ಯವಹಾರ ನೋಡಿಕೊಳ್ಳುವ ಮೇಘನಾ ಎಂಬ ಅಧಿಕಾರಿಣಿ, ಇನ್ನಿಬ್ಬರು. ಗೋಡೆಯ ಮೇಲೆ ಚಿತ್ರಗಳು ಮೂಡುತ್ತಿದ್ದವು.

ಮೊದಲು ಅಮೃತೇಶನ ಸರದಿ. ಅವನು ಮಾತನಾಡಿದ ರೀತಿಯಲ್ಲಿ ಅರ್ಜಿಯ ವಾಸನೆಯೇ ಇರಲಿಲ್ಲ. ಬಾವಿಗೆ ಬಿದ್ದ ಕರು ಮೇಲೆ ಬಂದು ತನ್ನ ಟೋಪಿಯನ್ನು ಅಗಿದ ಕಥೆ ಹೇಳಿದ. ಹಿರಿಯ ಮ್ಯಾನೇಜರು ಕನ್ನಡಕ ತೆಗೆದು ಕಣ್ಣೊರಸಿಕೊಂಡು ನಕ್ಕರು. ಕೆರೆಯಲ್ಲಿ ಮುಳುಗಿದ ಅಣ್ಣತಂಗಿಯರ ಕಥೆ ಹೇಳಿದ, ಮೇಘನಾ ಬರೆಯುತ್ತಿದ್ದ ಪೆನ್ನನ್ನು ಕೆಳಗಿಟ್ಟಳು. ರಾಜೇಂದ್ರ ಪಕ್ಕದ ಕುರ್ಚಿಯಲ್ಲಿ ಕುಳಿತು ಕೈಬೆರಳುಗಳನ್ನು ಒಂದೊಂದಾಗಿ ಮಡಿಸುತ್ತಿದ್ದ. ತನಗೆ ಇಂಥ ಒಂದು ನಾಲಿಗೆಯಿದ್ದಿದ್ದರೆ ಹೆಮ್ಮಿಗೆಯ ಠಾಣೆ ಇಷ್ಟು ಹೊತ್ತಿಗೆ ಅರಮನೆಯಾಗುತ್ತಿತ್ತು ಎಂದು ಅವನಿಗೆ ಅನ್ನಿಸಿತು.

ಅವನ ಸರದಿ ಬಂದಾಗ ಬರೆದುಕೊಂಡು ತಂದದ್ದನ್ನು ತಲೆಯೆತ್ತದೆ ಓದಿದ. ಆಮೇಲೆ ಗೋಡೆಯ ಮೇಲೆ ಅವನ ಫೋಟೋಗಳು ಮೂಡಿದವು. ಮೇಘನಾ ಮೂರನೆಯದನ್ನು ನಿಲ್ಲಿಸಿ ಹತ್ತಿರ ಹೋಗಿ ನೋಡಿದಳು. ಆಕೆಯ ತವರು ಹೊಳೆದಂಡೆಯ ಊರೇ ಆಗಿರಬೇಕು.

“ಇದು ಆಗಸ್ಟ್ ತಿಂಗಳದ್ದಾ ಸರ್? ಪ್ರವಾಹದ ನೀರು ಕೆಂಪಗಿರುತ್ತಲ್ವಾ? ಇಲ್ಲಿ ತಳದ ಮರಳು ಕಾಣಿಸ್ತಿದೆ.”

ರಾಜೇಂದ್ರ ಕೈಯಲ್ಲಿದ್ದ ಹಾಳೆಗಳನ್ನು ಮಡಿಸಿದ. ಪಕ್ಕದಲ್ಲಿದ್ದ ಅಮೃತೇಶ್ ಚಿತ್ರವನ್ನು ನೋಡಿದ; ಮುಳುಗುತ್ತಿದ್ದವನ ಮುಖವನ್ನು ನೋಡಿದ. ಅವನಿಗೆ ಕುಮಾರನ ಪರಿಚಯ ಚೆನ್ನಾಗಿಯೇ ಇತ್ತು. ಕುರ್ಚಿ ಸರಿಸಿ ಎದ್ದುನಿಂತ.

“ಅದು ಅಣಕು ಪ್ರದರ್ಶನದ್ದು ಮೇಡಂ. ಕೆಳಗೆ ಬರೆಯೋವಾಗ ತಪ್ಪಾಗಿರಬೇಕು. ಅವರ ಹತ್ರ ದಿಟದ ಫೋಟೋ ಇರೋದಿಲ್ಲ. ಯಾಕೆ ಅಂತ ನಾನು ಹೇಳ್ತೀನಿ, ಅವನು ಹೇಳೋನಲ್ಲ.”

ಹೀಗೆಂದು ಅಮೃತೇಶ್ ಗುರುಸಿದ್ದಮ್ಮನ ಕಥೆಯನ್ನು ಹೇಳಿದ. ಜಮಖಾನದ ಕಥೆ ಹೇಳಿದ. ತನ್ನ ಆಲ್ಬಮ್ಮಿನಲ್ಲಿ ಎಲ್ಲ ಕಡೆಯೂ ತಾನೇ ಇರುವುದು ಮುಖ ತೋರಿಸುವ ಚಟದಿಂದ, ಹೆಮ್ಮಿಗೆಯವರ ಬಳಿ ಒಂದೂ ಚಿತ್ರವಿಲ್ಲದಿರುವುದು ಮರ್ಯಾದೆಯಿಂದ ಎಂದ. ದೋಣಿ ಹೊಳೆಯಿರುವ ಊರಿಗೆ ಹೋಗುವುದೇ ನ್ಯಾಯವೆಂದೂ ಸೇರಿಸಿದ. ಹಿರಿಯ ಮ್ಯಾನೇಜರು ಮೇಘನಾಳ ಕಡೆ ತಿರುಗಿ ತಲೆಯಾಡಿಸಿದರು. ದೋಣಿ ಹೆಮ್ಮಿಗೆಗೆ ಬಂದಂತೆಯೇ ಆಗಿತ್ತು. ಬಾಯಿಬಿಟ್ಟು ಹೇಳುವುದೊಂದು ಉಳಿದಿತ್ತು.

ರಾಜೇಂದ್ರನಿಗೆ ಸಂತೋಷವಾಗಲಿಲ್ಲ. ಅಮೃತೇಶ್ ಹೇಳಿದ್ದರಲ್ಲಿ ಅಣಕು ಪ್ರದರ್ಶನವೆಂಬ ಒಂದನ್ನು ಬಿಟ್ಟರೆ ಮಿಕ್ಕದ್ದೆಲ್ಲ ನಿಜ. ಅದೆಲ್ಲ ತಾನು ಹೇಳಬೇಕಾಗಿದ್ದ ಮಾತು, ತನ್ನ ಬದುಕಿನ ಒಳ್ಳೆಯ ಸಂಗತಿ. ಅದೂ ಅವನ ಬಾಯಿಂದ ಬಂದಾಗಲೇ ಇಷ್ಟು ಚೆನ್ನಾಗಿ ಕೇಳಿಸಬೇಕೆ? ಇನ್ನು ಆ ದೋಣಿ ಬಂದರೆ ಅದನ್ನು ನೋಡಿದಾಗಲೆಲ್ಲ, ಇದು ಅಮೃತೇಶ್ ಕೊಡಿಸಿದ್ದು ಎಂದು ಮನಸ್ಸು ಹೇಳುತ್ತದೆ. ಅದನ್ನು ನೆನೆದ ಕೂಡಲೇ ಅವನು ಎದ್ದುನಿಂತಿದ್ದ.

“ಅಣಕು ಪ್ರದರ್ಶನ ಅಲ್ಲ ಮೇಡಂ. ಈ ಅರ್ಜಿಗೋಸ್ಕರವೇ ಹೋದ ತಿಂಗಳು ತೆಗೆಸಿದ್ದು. ಮುಳುಗ್ತಿರೋನು ನಮ್ಮ ಠಾಣೆಯ ಕುಮಾರ. ಬೇಕು ಅಂತಲೇ ಸುಳ್ಳು ಬರೆದೆ.”

ಸಭೆಯಲ್ಲಿದ್ದವರು ಅದನ್ನು ಪ್ರಾಮಾಣಿಕತೆಯೆಂದು ತಿಳಿದರು. ಹೊರಗೆ ಕಾಯಿರಿ ಎಂದು ಹೇಳುವಾಗ ಮೇಘನಾಳ ದನಿ ಮೆತ್ತಗಾಗಿತ್ತು. ಅದು ಪ್ರಾಮಾಣಿಕತೆಯಲ್ಲವೆಂದು ಆ ಕೋಣೆಯಲ್ಲಿ ತಿಳಿದಿದ್ದವರು ಇಬ್ಬರೇ. ಒಬ್ಬ ಹೇಳಿದವನು, ಇನ್ನೊಬ್ಬ ಅವನ ಪಕ್ಕದಲ್ಲಿ ತಲೆ ತಗ್ಗಿಸಿ ಕುಳಿತಿದ್ದ ಅಮೃತೇಶ್.

ಕಾರ್ಖಾನೆಯ ಗೇಟಿನ ಎದುರಿಗಿದ್ದ ಟೀ ಅಂಗಡಿಯಲ್ಲಿ ಇಬ್ಬರೂ ಟೀ ಲೋಟ ಹಿಡಿದು ನಿಂತರು. ಮೊದಲು ಬಾಯಿ ತೆರೆದವನು ಅಮೃತೇಶ್. ಅವನು ಸಿಟ್ಟಾದುದನ್ನು ರಾಜೇಂದ್ರ ನೋಡಿದ್ದು ಅದೇ ಮೊದಲು.

“ಬಾಯ್ಮುಚ್ಕಂಡು ಕುಂತಿದ್ರೆ ದೋಣಿ ನಿಮ್ಗೇ ಬತ್ತಿತ್ತು ಕಣ್ಲಾ.”

“ನಿನ್ ಕೈಯಿಂದ ನಂಗೆ ಬ್ಯಾಡಾಗಿತ್ತು.”

“ನಿಂಗೆ ಯಾರ್ಲಾ ಕೊಟ್ರು? ಆ ಕೊಂಬೆ ಇಡ್ಕಂಡು ಕೂಗ್ತಿದ್ನಲ್ಲ, ಅಂಥೋರ್ಗೆ ಕೊಡ್ತಿದ್ದದ್ದು. ಅರ್ಜೀಲಿ ನೀನೇ ಬರ್ದಿದ್ದೆ. ಓದುವಾಗ ನಿಂಗೇ ಕೇಳುಸ್ನಿಲ್ವಾ?”

ಅಮೃತೇಶ್ ಇಬ್ಬರ ಟೀಯ ದುಡ್ಡನ್ನೂ ಕೊಟ್ಟು ಹೊರಟುಹೋದ. ಅದು ಕೂಡ ರಾಜೇಂದ್ರನಿಗೆ ಉರಿಯಿತು.

ದೋಣಿ ಹೆಮ್ಮರಗಾಲಕ್ಕೆ ಹೋಯಿತು. ರಾಜೇಂದ್ರನಿಗೆ ಜಿಲ್ಲಾ ಕಚೇರಿಯಿಂದ ನೋಟಿಸು ಬಂತು. ಅವನು ತಪ್ಪೊಪ್ಪಿಕೊಂಡು ಮೂರು ಸಾಲು ಬರೆದ. ಎಚ್ಚರಿಕೆ ಕೊಟ್ಟು ಬಿಟ್ಟರು. ಹೊಳೆಯಿಲ್ಲದ ಊರಿನಲ್ಲಿ, ತಗಡಿನ ಸೂರಿನ ಕೆಳಗೆ, ಕಿತ್ತಲೆ ಬಣ್ಣದ ದೋಣಿ ಕಟ್ಟೆಯ ಮೇಲೆ ಕುಳಿತಿದೆಯೆಂದೂ ಶಾಲೆಯ ಮಕ್ಕಳು ಸಾಲುಗಟ್ಟಿ ಬಂದು ನೋಡಿಹೋಗುತ್ತಾರೆಂದೂ ಸುದ್ದಿ ಬಂತು. ಅಮೃತೇಶ್ ಫೋನು ಮಾಡುವುದನ್ನು ನಿಲ್ಲಿಸಿದ್ದ. ಆದರೆ ತರಬೇತಿಯ ಎರಡು ಸ್ಥಾನಗಳಲ್ಲಿ ಒಂದನ್ನು ಹೆಮ್ಮಿಗೆಯವರಿಗೆ ಕೊಡಬೇಕೆಂದು ಮೇಲಿನವರಿಗೆ ಬರೆದಿದ್ದ. ರಾಜೇಂದ್ರ ತಾನು ಹೋಗದೆ ಕುಮಾರನನ್ನು ಕಳುಹಿಸಿದ. ಇಪ್ಪತ್ತು ದಿನ ಅಮೃತೇಶನ ಜೊತೆಗಿದ್ದು ಬಂದ ಕುಮಾರ, ಬಂದವನೇ ಅಮೃತೇಶಣ್ಣನ ಹೊಗಳಿಕೆ ಮೊದಲಿಟ್ಟ. ದೋಣಿಯನ್ನು ಹೆಮ್ಮಿಗೆಯಲ್ಲಿಯೇ ಇಡಲು ಅನುಮತಿ ಕೊಡಿ ಎಂದು ಅಮೃತೇಶ್ ಕಾರ್ಖಾನೆಗೆ ಪತ್ರ ಬರೆದಿದ್ದನೆಂದೂ, ಒಪ್ಪಂದದ ಪ್ರಕಾರ ಐದು ವರ್ಷ ಬೇರೆ ಠಾಣೆಗೆ ವರ್ಗಾಯಿಸುವಂತಿಲ್ಲವೆಂದು ಅವರು ಉತ್ತರಿಸಿದರೆಂದೂ ಅವನಿಂದಲೇ ತಿಳಿದದ್ದು.

“ಆಯ್ತು ಬುಡು, ಗಾಡಿ ತೊಳಿ ಓಗು” ಎಂದ ರಾಜೇಂದ್ರ.

ಆಗಸ್ಟಿನಲ್ಲಿ ಹೊಳೆ ತುಂಬಿತು. ಒಂದು ಮಧ್ಯಾಹ್ನ ಪಂಪ್‌ಸೆಟ್ಟು ಬಿಚ್ಚಿ ತರಲು ನಡುಗಡ್ಡೆಗೆ ಹೋಗಿದ್ದ ಇಬ್ಬರು ರೈತರು ಅಲ್ಲಿಯೇ ಸಿಕ್ಕಿಬಿದ್ದರು. ಎಂಟು ಜನ ಸಿಬ್ಬಂದಿಯೊಂದಿಗೆ ರಾಜೇಂದ್ರ ದಡಕ್ಕೆ ಬಂದಾಗ ಗಡ್ಡೆಯ ಅರ್ಧ ಭಾಗ ನೀರಿನಲ್ಲಿತ್ತು. ಮಹದೇವಯ್ಯ ನೀರನ್ನು ನೋಡಿ ಕೈಯಾಡಿಸಿದ. ತೆಪ್ಪಕ್ಕೆ ಆಗುವ ಮಾತಲ್ಲ. ಇನ್ನು ಉಳಿದದ್ದು ದೋಣಿ.

ರಾಜೇಂದ್ರನ ಕೈಯಲ್ಲಿ ಫೋನಿತ್ತು. ಅಮೃತೇಶನ ನಂಬರು ಕಣ್ಣೆದುರಿಗೇ ಇತ್ತು. ಅವನು ಅದನ್ನು ಒತ್ತದೆ ಜಿಲ್ಲಾ ಕಚೇರಿಗೆ ಕರೆ ಮಾಡಿದ. ಅಲ್ಲಿಂದ ಹೆಮ್ಮರಗಾಲಕ್ಕೆ ಆದೇಶ ಹೋಗಲಿ, ದೋಣಿ ಆದೇಶದಂತೆ ಬರಲಿ. ಕೊಡಪ್ಪ ಎಂದು ತಾನು ಕೇಳುವಂತಾಗದಿರಲಿ. ಕಚೇರಿಯ ಫೋನು ಬಿಡುವಿಲ್ಲದೆ ಇತ್ತು. ಮತ್ತೆ ಮಾಡಿದ; ಸಿಕ್ಕವರು ಇನ್ನೊಬ್ಬರಿಗೆ ಕೊಟ್ಟರು, ಅವರು ಮತ್ತೊಬ್ಬರಿಗೆ. ಗಡ್ಡೆಯ ಮೇಲಿದ್ದ ಇಬ್ಬರಲ್ಲೊಬ್ಬ ಅಂಗಿ ಬಿಚ್ಚಿ ಬೀಸತೊಡಗಿದ. ರಾಜೇಂದ್ರ ಫೋನು ಕತ್ತರಿಸಿ ಅಮೃತೇಶನಿಗೆ ಕರೆ ಮಾಡಿದ. ಗಡಿಯಾರದಲ್ಲಿ ಹತ್ತು ನಿಮಿಷ ಕಳೆದಿತ್ತು.

“ಅಮೃತೇಶ, ದೋಣಿ ಬೇಕು ಕಣ್ಲಾ. ಇಬ್ರು ಅವ್ರೆ.”

“ಲಾರಿಗೆ ಏರುಸ್ತೀನಿ” ಎಂದಷ್ಟೇ ಹೇಳಿ ಅಮೃತೇಶ್ ಫೋನಿಟ್ಟ.

ದೋಣಿ ಬಂದಾಗ ಗಡ್ಡೆಯೇ ಇರಲಿಲ್ಲ. ಎದೆಮಟ್ಟದ ನೀರಿನಲ್ಲಿ ಇಬ್ಬರು ಒಂದು ಹೊಂಗೆಮರಕ್ಕೆ ಪಂಚೆಯಿಂದ ತಮ್ಮನ್ನು ಬಿಗಿದುಕೊಂಡು ನಿಂತಿದ್ದರು. ಕುಮಾರ ಮೋಟಾರು ಹಿಡಿದ. ರಾಜೇಂದ್ರ ಮುಂದೆ ಕುಳಿತು ಮಹದೇವಯ್ಯ ಹೇಳಿಕೊಟ್ಟ ದಾರಿ ತೋರಿಸಿದ. ಇಬ್ಬರನ್ನೂ ಜೀವಸಹಿತ ದಡಕ್ಕೆ ತಂದರು. ಅವರನ್ನು ಇಳಿಸಿಕೊಂಡ ಜಾಗದಲ್ಲಿ ಜಮಖಾನದ ಒಂದು ಮೂಲೆ ಹಿಡಿದು ನಿಂತಿದ್ದವನು ಅಮೃತೇಶ್. ಇಬ್ಬರಲ್ಲಿ ಕಿರಿಯವನ ಹಲ್ಲುಗಳು ಕಟಕಟನೆ ಬಡಿದುಕೊಳ್ಳುತ್ತಿದ್ದವು. ಇನ್ನು ಕಾಲುಗಂಟೆ ತಡವಾಗಿದ್ದರೆ ತನ್ನ ಕೈ ಬಿಟ್ಟುಹೋಗುತ್ತಿತ್ತು ಎಂದು ಅವನು ಹೇಳಿದ್ದನ್ನು ರಾಜೇಂದ್ರ ಕೇಳಿಸಿಕೊಂಡ.

ಎರಡು ವಾರದ ಮೇಲೆ ಜಿಲ್ಲಾಡಳಿತದವರು ವಿಪತ್ತು ನಿರ್ವಹಣೆಯ ಅನುದಾನಕ್ಕೆ ಠಾಣೆಗಳಿಂದ ಬೇಡಿಕೆ ಕೇಳಿದರು. ಈ ಸಲ ರಾಜೇಂದ್ರ ತಡಮಾಡದೆ ಅಮೃತೇಶನಿಗೆ ಫೋನು ಮಾಡಿದ. ಅರ್ಜಿ ಬರೆಯಬೇಕು, ನನಗೆ ಬರುವುದಿಲ್ಲ, ಒಂದು ದಿನ ಬಂದುಹೋಗು ಎಂದ. ಇಷ್ಟು ಹೇಳುವುದು ಅವನಿಗೆ ಕಂಡಷ್ಟು ಎತ್ತರವಾಗಿ ತರಬೇತಿಯ ದಿನಗಳ ಯಾವ ಏಣಿಯೂ ಕಂಡಿರಲಿಲ್ಲ.

ಭಾನುವಾರ ಅಮೃತೇಶ್ ಬೈಕಿನಲ್ಲಿ ಬಂದ. ಸುನೀತಾ ಮುದ್ದೆ, ಉಪ್ಪುಸಾರು ಮಾಡಿದ್ದಳು. ಅವನು ಊಟಕ್ಕೆ ಕೂರುವ ಮೊದಲೇ ಅರ್ಜಿಯನ್ನು ತೆಗೆದುಕೊಂಡ. ‘ಈ ಮೂಲಕ ತಮ್ಮಲ್ಲಿ ಕೋರಿಕೊಳ್ಳುವುದೇನೆಂದರೆ’ ಎಂದು ರಾಜೇಂದ್ರ ಮೊದಲಿಟ್ಟಿದ್ದ. ಅಮೃತೇಶ್ ಅದನ್ನು ಹೊಡೆದುಹಾಕಿ ಮೇಲೆ ಒಂದು ಸಾಲು ಬರೆದ: ‘ದೋಣಿ ಬರುವವರೆಗೆ ಒಂದು ಗಂಟೆ ಐವತ್ತು ನಿಮಿಷ ನಾವು ಎಂಟು ಜನ ಅಗ್ನಿಶಾಮಕರು ದಡದಲ್ಲಿ ನಿಂತು, ಇಬ್ಬರು ಮನುಷ್ಯರ ಸುತ್ತ ನೀರು ಏರುವುದನ್ನು ನೋಡಿದೆವು.’

ರಾಜೇಂದ್ರ ಓದಿದ. ತಾನು ಹನ್ನೊಂದು ದಿನ ಕುಳಿತರೂ ಅದನ್ನು ಬರೆಯುತ್ತಿರಲಿಲ್ಲ. ಆ ಹಳೆಯ ಕರುಬು ಮತ್ತೆ ಎದ್ದಿತು. ಅಷ್ಟೇ ಖಾರವಾಗಿ. ಅವನು ಬಿಳಿಯ ಹಾಳೆ ತೆಗೆದುಕೊಂಡು ಆ ಸಾಲನ್ನು ತನ್ನ ದುಂಡನೆಯ ಅಕ್ಷರದಲ್ಲಿ ನಕಲು ಮಾಡತೊಡಗಿದ. ಐವತ್ತು ಎಂಬಲ್ಲಿಗೆ ಬಂದಾಗ ತಡೆದು, ನಲವತ್ತು ಎಂದು ಬರೆದ.

ಅಮೃತೇಶ್ ಬಗ್ಗಿ ನೋಡಿದ. “ಐವತ್ತು ಕಣ್ಲಾ. ಕುಮಾರ ಲೆಕ್ಕ ಇಟ್ಟವ್ನೆ.”

“ಐವತ್ತೇ. ಅದ್ರಲ್ಲಿ ಅತ್ತು ನಿಮ್ಷ ನಂದು” ಎಂದ ರಾಜೇಂದ್ರ. ಹಾಳೆಯಿಂದ ಕಣ್ಣೆತ್ತಲಿಲ್ಲ. “ನಿಂಗೆ ಫೋನ್ ಮಾಡಕ್ಕಾಗ್ದೆ ಕಳ್ದದ್ದು. ಅದ್ನ ಸರ್ಕಾರಕ್ಕೆ ಬರಿಯಕ್ಕಾಗಾಕಿಲ್ಲ.”

ಒಳಗಿನಿಂದ ಸುನೀತಾ ಮುದ್ದೆ ಆರುತ್ತದೆಯೆಂದು ಕೂಗಿದಳು. ಅಮೃತೇಶ್ ಎದ್ದು ಕೈತೊಳೆಯಲು ಹೋದ. ರಾಜೇಂದ್ರ ಮುಂದಿನ ಸಾಲಿಗೆ ಹೋದ. ಅದೂ ಅಮೃತೇಶನದೇ ಆಗಿತ್ತು, ಅದೂ ಚೆನ್ನಾಗಿತ್ತು.